ಸಿಯೆರಾ ವಾಪಸ್ ಬಂತು, ನಮ್ಮ ರೇವಾ ಯಾಕೆ ಬರಲಿಲ್ಲ?

ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಇಯರ್‌ಫೋನ್ ಹಾಕ್ಕೊಂಡು ಇದನ್ನ ಕೇಳ್ತಾ ಇದ್ದರೆ ನಿಮಗೆ ಸಮಯದ ಕೊರತೆ ಏನೂ ಇರಲ್ಲ. ಹಾಗಾಗಿ ಇವತ್ತು ಸ್ವಲ್ಪ ಹಿಂದಕ್ಕೆ ಹೋಗೋಣ.

ಇದು ಶುರುವಾಗಿದ್ದು ನಮ್ಮ ಮನೆಯಲ್ಲೇ. ಅಪ್ಪ ರಿಟೈರ್ ಆಗಿ ನಾಲ್ಕು ವರ್ಷ ಆಯ್ತು. ಬನಶಂಕರಿ ಎರಡನೇ ಹಂತದಲ್ಲಿ ಮನೆ. "ಇದೇ ನನ್ನ ಕೊನೇ ಕಾರು" ಅಂತ ಘೋಷಿಸಿ ಹೊಸ ಕಾರು ಹುಡುಕೋಕೆ ಹೊರಟರು. ಶೋರೂಮಿನಲ್ಲಿ ಹೊಸ ಟಾಟಾ ಸಿಯೆರಾ ನಿಂತಿತ್ತು. ಅಪ್ಪ ಎರಡು ಸುತ್ತು ಹಾಕಿದರು, ಹಿಂದಿನ ಕಿಟಕಿ ಮೇಲೆ ಬೆರಳಿಟ್ಟು ನೋಡಿದರು, ಆಮೇಲೆ ನನ್ನ ಕಿವಿಯಲ್ಲಿ ಹೇಳಿದರು: "ಇದು ಸಿಯೆರಾ ಅಲ್ಲ."

ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. 1991ರಲ್ಲಿ ಬಂದ ಸಿಯೆರಾಗೆ ಇದ್ದದ್ದು ಮೂರೇ ಬಾಗಿಲು. ಹಿಂದಿನ ಪಕ್ಕದ ಗಾಜು ಮೇಲಕ್ಕೆ ಹೋಗಿ ಚಾವಣಿಯ ಕಡೆಗೆ ಬಾಗುತ್ತಿತ್ತು. ಆಗ ರಸ್ತೆ ತುಂಬ ಇದ್ದದ್ದು ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ 800. ಅದರ ಮಧ್ಯೆ ಆ ಗಾಜು ನೋಡಿದ ಮೂವತ್ತು ವರ್ಷದ ಗುಮಾಸ್ತನಿಗೆ ಏನನ್ನಿಸಿರಬೇಕು ಊಹಿಸಿ. ಕೊಳ್ಳೋ ಮಾತೇ ಇರಲಿಲ್ಲ. 2025ರ ನವೆಂಬರ್‌ನಲ್ಲಿ ಬಂದ ಹೊಸ ಸಿಯೆರಾಗೆ ಐದು ಬಾಗಿಲು. ಗಾಜು ಬಾಗಿದೆ ಅನ್ನೋ ಭಾವನೆ ಬರಲಿ ಅಂತ ಕಪ್ಪು ಬಣ್ಣದ ಪಟ್ಟಿ ಕೊಟ್ಟಿದ್ದಾರೆ. ಕಾರು ಚೆನ್ನಾಗೇ ಇದೆ. ಆದರೆ ಅಪ್ಪ ಮೂವತ್ತನಾಲ್ಕು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದು ಕಾರನ್ನಲ್ಲ, ಆ ಗಾಜನ್ನ.

ಹಳೇ ಹೆಸರನ್ನ ಹೊಸ ಕಾರಿಗೆ ಅಂಟಿಸೋದು ಇದೇ ಮೊದಲಲ್ಲ. ನೀವು ದಿನಾ ನೋಡೋ ಬಲೆನೋ ಇದೆಯಲ್ಲ? 1999ರಲ್ಲಿ ಬಂದ ಬಲೆನೋ ಡಿಕ್ಕಿ ಇರುವ ಉದ್ದನೆಯ ಸೆಡಾನ್, 1.6 ಲೀಟರ್ ಎಂಜಿನ್. 2015ರಲ್ಲಿ ಅದೇ ಹೆಸರಲ್ಲಿ ಬಂದದ್ದು ಡಿಕ್ಕಿಯೇ ಇಲ್ಲದ ಹ್ಯಾಚ್‌ಬ್ಯಾಕ್. ಹೆಸರು ಬಿಟ್ಟರೆ ಎರಡಕ್ಕೂ ಸಂಬಂಧ ಇಲ್ಲ. ಆದರೂ ಎರಡನೆಯದು ಸಿಕ್ಕಾಪಟ್ಟೆ ಓಡಿತು. ಸ್ಯಾಂಟ್ರೋ ಕಥೆ ತಿರುಗುಮುರುಗು. 1998ರ ಆ ಎತ್ತರದ ಪುಟ್ಟ ಕಾರನ್ನ ಜನ ನಿಜವಾಗಿ ಪ್ರೀತಿಸಿದ್ದರು. ಅದಕ್ಕೇ 2018ರಲ್ಲಿ ಹೆಸರು ಮರಳಿ ಬಂತು. ನಾಲ್ಕೇ ವರ್ಷ, 2022ಕ್ಕೆ ಮತ್ತೆ ನಿಂತೋಯ್ತು. ಹೆಸರು ಜನರನ್ನ ಶೋರೂಮ್ ಬಾಗಿಲತನಕ ಕರ್ಕೊಂಡು ಬರುತ್ತೆ, ಅಷ್ಟೇ.

ಹೊಸ ಬಲೆನೋ ಅಷ್ಟು ಗಿಡ್ಡ ಯಾಕಾಯ್ತು ಅನ್ನೋದಕ್ಕೆ ಉತ್ತರ ಟೇಪಿನಲ್ಲಿದೆ. 2006ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಸಣ್ಣ ಕಾರಿನ ಅಬಕಾರಿ ಸುಂಕವನ್ನ ಶೇ 24ರಿಂದ 16ಕ್ಕೆ ಇಳಿಸಿತು. ಸಣ್ಣ ಕಾರು ಅಂದರೆ ಉದ್ದ 4 ಮೀಟರ್ ಒಳಗೆ, ಪೆಟ್ರೋಲ್ ಎಂಜಿನ್ ಆದರೆ 1200 ಸಿಸಿ ಒಳಗೆ. ಅವತ್ತಿನಿಂದ ಕಂಪನಿಗಳು ಕಾರಿನ ಹಿಂಭಾಗ ಕತ್ತರಿಸೋಕೆ ಕೂತವು. ಬಲೆನೋ ಉದ್ದ ಈಗ 3,990 ಮಿಲಿಮೀಟರ್. ಗಡಿಗಿಂತ ಒಂದೇ ಸೆಂಟಿಮೀಟರ್ ಕಡಿಮೆ! 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾದ ಮೇಲೆ ಈ ಗೆರೆ ಇನ್ನೂ ದಪ್ಪ ಆಗಿದೆ. ಗೆರೆಯ ಒಳಗಿದ್ದರೆ ಶೇ 18, ಹೊರಗಿದ್ದರೆ ಶೇ 40. ಸಿಯೆರಾ 4.3 ಮೀಟರಿಗಿಂತ ಉದ್ದ, ಎಂಜಿನ್ 1.5 ಲೀಟರ್. ಹಾಗಾಗಿ ಅದು ಹೊರಗೆ.

ಇಷ್ಟು ಲೆಕ್ಕ ಹಾಕುವಾಗ ನನ್ನ ತಲೆಗೆ ಬಂದದ್ದು ಬೇರೆಯೇ ಪ್ರಶ್ನೆ. ಈ ಊರಲ್ಲೇ ಹುಟ್ಟಿದ ಪುಟ್ಟ ಕಾರುಗಳಿದ್ದವಲ್ಲ, ಅವುಗಳ ಹೆಸರನ್ನ ಯಾರಾದರೂ ವಾಪಸ್ ತರ್ತಾರಾ?

ಮೊದಲನೆಯದನ್ನ ನಿಮ್ಮಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಬೆಂಗಳೂರಿನ ಸನ್‌ರೈಸ್ ಆಟೊ ಇಂಡಸ್ಟ್ರೀಸ್ ಅನ್ನೋ ಕಂಪನಿ, ಆಮೇಲೆ ಸಿಪಾನಿ ಅಂತ ಹೆಸರಾಯ್ತು, 1970ರ ದಶಕದಲ್ಲಿ 'ಬಾದಲ್' ಅನ್ನೋ ಮೂರು ಚಕ್ರದ ಕಾರು ಮಾಡಿತು. ಫೈಬರ್‌ಗ್ಲಾಸ್ ಮೈ, ಮುಂದೆ ಒಂದೇ ಚಕ್ರ. 1982ರಲ್ಲಿ ಅದೇ ಕಂಪನಿಯಿಂದ ಬಂದದ್ದು 'ಡಾಲ್ಫಿನ್'. ಮೂಲ ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಕಾರು, 848 ಸಿಸಿ. ಮಿಸ್ಟರ್ ಬೀನ್ ಪದೇ ಪದೇ ಗುದ್ದಿ ಬೀಳಿಸೋ ನೀಲಿ ಮೂರು ಚಕ್ರದ ಗಾಡಿ ನೆನಪಿದೆಯಾ? ಅದೂ ರಿಲಯಂಟ್ ಕಂಪನಿಯದ್ದೇ. ಆದರೆ ಡಾಲ್ಫಿನ್ ನಗೆಪಾಟಲಿನ ಗಾಡಿ ಆಗಿರಲಿಲ್ಲ. ಹಗುರ ಮೈ, ಒಳ್ಳೇ ಓಟ. ರ‍್ಯಾಲಿಗಳಲ್ಲಿ, ಮದರಾಸಿನ ಹತ್ತಿರದ ಶೋಲಾವರಂ ಟ್ರ್ಯಾಕಿನಲ್ಲಿ ಹುಡುಗರು ಅದನ್ನ ಓಡಿಸ್ತಿದ್ದರು. ತೊಂದರೆ ಏನಂದರೆ ಬಾಗಿಲು ಎರಡೇ. ಸೀರೆ ಉಟ್ಟ ಅಜ್ಜಿಯನ್ನ ಹಿಂದಿನ ಸೀಟಿಗೆ ಹತ್ತಿಸಿ ನೋಡಿ! 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಉಕ್ಕಿನ ಮೈ, ಹಿಂದೆ ಕೂರೋರಿಗೂ ಬೇರೆ ಬಾಗಿಲು, ಜಪಾನಿನ ಎಂಜಿನ್, ಬೆನ್ನಿಗೆ ಸರ್ಕಾರ. ಸಿಪಾನಿಯವರು ಬಾಗಿಲು ಹೆಚ್ಚಿಸಿ 'ಮೊಂಟಾನಾ' ಅಂತ ತಂದರು. ಅಷ್ಟೊತ್ತಿಗೆ ಬಸ್ಸು ಹೋಗಿತ್ತು.

ಎರಡನೆಯದು ರೇವಾ. ಆರ್.ವಿ. ರೋಡ್‌ನಲ್ಲಿ ಹಳದಿ ಮೆಟ್ರೊ ಹತ್ತಿ, ಬಿಟಿಎಂ, ಸಿಲ್ಕ್ ಬೋರ್ಡ್ ದಾಟಿ ಕೊನೇ ಸ್ಟೇಷನ್ನಿಗೆ ಹೋದರೆ ಬೊಮ್ಮಸಂದ್ರ. 2001ರಲ್ಲಿ ಅಲ್ಲಿಂದ ಹೊರಗೆ ಬಂದದ್ದು ಈ ವಿದ್ಯುತ್ ಕಾರು. 2001 ಅಂದರೆ ನಿಮ್ಮಲ್ಲಿ ಎಷ್ಟೋ ಜನ ಹುಟ್ಟೇ ಇರಲಿಲ್ಲ. ಚೇತನ್ ಮೈನಿ ಅಮೆರಿಕದಲ್ಲಿ ಓದುವಾಗ ಸೌರ ಕಾರಿನ ರೇಸ್ ತಂಡದಲ್ಲಿ ಇದ್ದವರು. ಮೈನಿ ಗುಂಪು ಮತ್ತು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಸೇರಿ 1994ರಲ್ಲೇ ಕೆಲಸ ಶುರು ಮಾಡಿದ್ದವು. ಉದ್ದ ಬರೀ 2.6 ಮೀಟರ್. ಎರಡು ಬಾಗಿಲು, ಹಿಂದೆ ಇಬ್ಬರು ಮಕ್ಕಳಿಗೆ ಜಾಗ, ಸೀಟಿನ ಕೆಳಗೆ ಲೆಡ್-ಆ್ಯಸಿಡ್ ಬ್ಯಾಟರಿ, ಚಾರ್ಜ್ ಮಾಡಿದರೆ 80 ಕಿಲೋಮೀಟರ್ ಆಸುಪಾಸು. ಜಯನಗರ, ಜೆ.ಪಿ. ನಗರದ ಕ್ರಾಸುಗಳಲ್ಲಿ ಅದು ಸದ್ದಿಲ್ಲದೆ ಬಂದು ಪಕ್ಕದಲ್ಲಿ ನಿಂತಾಗ ನಾವು ಸ್ಕೂಲ್ ಮಕ್ಕಳು ನಗ್ತಾ ಇದ್ವಿ. ಆಟಿಕೆ ಕಾರು ಅಂತಿದ್ವಿ. ಅದನ್ನ ಈಗ ಹೇಳೋಕೆ ಸ್ವಲ್ಪ ನಾಚಿಕೆ ಆಗುತ್ತೆ.

ಲಂಡನ್ನಿನಲ್ಲಿ ಇದೇ ಕಾರು 'ಜಿ-ವಿಝ್' ಅನ್ನೋ ಹೆಸರಲ್ಲಿ ಓಡಿತು. ಅಲ್ಲಿ ನಗರದ ಮಧ್ಯಕ್ಕೆ ಹೋಗೋ ಕಾರಿಗೆ ದಟ್ಟಣೆ ಶುಲ್ಕ ಕಟ್ಟಬೇಕು, ಇದಕ್ಕೆ ವಿನಾಯಿತಿ ಇತ್ತು. ಹೊಗಳಿಕೆ ಮಾತ್ರ ಹೇಳಿದರೆ ತಪ್ಪಾಗುತ್ತೆ. ಕಾನೂನಿನ ಪ್ರಕಾರ ಅದು ಅಲ್ಲಿ ಕಾರೇ ಅಲ್ಲ, ಕ್ವಾಡ್ರಿಸೈಕಲ್. ಹಾಗಾಗಿ ಕಾರಿನ ಡಿಕ್ಕಿ ಪರೀಕ್ಷೆ ಕಡ್ಡಾಯ ಇರಲಿಲ್ಲ, ಸುರಕ್ಷತೆ ಬಗ್ಗೆ ಬಂದ ಟೀಕೆ ಸುಮ್ಮನೆ ಬಂದದ್ದಲ್ಲ.

ಆ ಹೆಸರು ಹೋದ ರೀತಿ ನೋಡಿ. 2010ರಲ್ಲಿ ಮಹೀಂದ್ರಾ ಕಂಪನಿ ಬಹುಪಾಲು ಷೇರು ಕೊಂಡಿತು. ಕಂಪನಿ 'ಮಹೀಂದ್ರಾ ರೇವಾ' ಆಯ್ತು. 2013ರಲ್ಲಿ ಬಂದ ಮುಂದಿನ ಕಾರಿಗೆ 'ಇ2ಒ' ಅಂತ ಹೆಸರಿಟ್ಟರು. 2016ರಲ್ಲಿ ಕಂಪನಿ ಹೆಸರಿನಿಂದಲೂ ರೇವಾ ಹೋಗಿ 'ಮಹೀಂದ್ರಾ ಎಲೆಕ್ಟ್ರಿಕ್' ಆಯ್ತು. ಗಲಾಟೆ ಇಲ್ಲ, ಬೀಳ್ಕೊಡುಗೆ ಇಲ್ಲ. ತಮಾಷೆ ಏನಂದರೆ, 2024ರಲ್ಲಿ ಅದೇ ಮಹೀಂದ್ರಾ ಹೊಸ ವಿದ್ಯುತ್ ಕಾರಿಗೆ 'ಬಿಇ 6ಇ' ಅಂತ ಹೆಸರಿಟ್ಟು, '6ಇ' ನಮ್ಮದು ಅಂತ ಇಂಡಿಗೋ ವಿಮಾನದವರು ಕೋರ್ಟಿಗೆ ಹೋದ ಮೇಲೆ 'ಬಿಇ 6' ಅಂತ ಬದಲಾಯಿಸಬೇಕಾಯ್ತು. ನರ್ಮದಾ ನದಿಗಿರೋ ಇನ್ನೊಂದು ಹೆಸರು ರೇವಾ. ಅಷ್ಟು ಚಂದದ ಹೆಸರನ್ನ ಬಿಟ್ಟು ಅಕ್ಷರ, ಅಂಕಿಗೆ ಜಗಳ.

ಹೆಸರು ಅಂದರೆ ಆಸ್ತಿ. ಟ್ರೇಡ್‌ಮಾರ್ಕ್ ನೋಂದಣಿಯನ್ನ ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ಸತತವಾಗಿ ಐದು ವರ್ಷಕ್ಕಿಂತ ಹೆಚ್ಚು ಬಳಸದೇ ಬಿಟ್ಟರೆ ಬೇರೆಯವರು ಅರ್ಜಿ ಹಾಕಿ ತೆಗೆಸಬಹುದು. ಬೈಕಿನ ಹೆಸರಿಗೆ ನಮ್ಮ ರಾಜ್ಯದಲ್ಲೇ ದೊಡ್ಡ ಜಗಳ ನಡೆದಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. 2022ರ ಜನವರಿಯಲ್ಲಿ ಯೆಜ್ಡಿ ಮತ್ತೆ ರಸ್ತೆಗೆ ಬಂತು. ಅದೇ ವರ್ಷ ಡಿಸೆಂಬರ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ, ಹೆಸರು ಮುಚ್ಚಿದ ಕಂಪನಿಗೇ ಸೇರಿದ್ದು ಅಂದಿತು. 2025ರ ನವೆಂಬರ್‌ನಲ್ಲಿ ವಿಭಾಗೀಯ ಪೀಠ ಆ ಆದೇಶವನ್ನ ರದ್ದು ಮಾಡಿ, ಸಂಸ್ಥಾಪಕರ ಮನೆತನದ ಬೊಮನ್ ಇರಾನಿ (ಸಿನಿಮಾ ನಟ ಅಲ್ಲ, ಅದೇ ಹೆಸರಿನ ಉದ್ಯಮಿ) ಅವರ ಪರ ತೀರ್ಪು ಕೊಟ್ಟಿತು. ಯೆಜ್ಡಿಗೆ ಇಷ್ಟು ಜಗಳ ಆಗೋಕೆ ಕಾರಣ, ಅದನ್ನ ಬೇಕು ಅನ್ನೋರು ಇದ್ದರು. ಸಿಯೆರಾದ ನೆನಪು ಆಸೆಯ ನೆನಪು. ರೇವಾ ಅಂದರೆ ನೆನಪಾಗೋದು ನಮ್ಮ ನಗು. ಅದನ್ನ ಯಾವ ಮಾರ್ಕೆಟಿಂಗ್ ಮ್ಯಾನೇಜರ್ ಕೊಳ್ತಾನೆ?

ಶೋರೂಮಿನ ಹುಡುಗನನ್ನ ಅಪ್ಪ ಸುಮ್ಮನೆ ಕೇಳಿದರು, "ರೇವಾ ಗೊತ್ತೇನಪ್ಪಾ?" ಅವನು ತಕ್ಷಣ, "ಗೊತ್ತು ಸರ್, ನನ್ನ ಕಸಿನ್ ಅಲ್ಲೇ ಓದ್ತಿರೋದು" ಅಂದ. ಯಲಹಂಕ ಕಡೆಯ ರೇವಾ ಯೂನಿವರ್ಸಿಟಿ! ಅವನ ತಪ್ಪೇನಿಲ್ಲ.

ಮನೆಗೆ ಬಂದು ಅಪ್ಪ ಟೇಪ್ ತಗೊಂಡು ಪೋರ್ಟಿಕೊ ಅಳೆದರು. ಗೋಡೆಯಿಂದ ಗೇಟಿಗೆ 4 ಮೀಟರ್ 10 ಸೆಂಟಿಮೀಟರ್. ಸಿಯೆರಾ ನಿಲ್ಲಿಸಿದರೆ ಗೇಟ್ ಹಾಕೋಕಾಗಲ್ಲ. ಅಲ್ಲಿಗೆ ಆ ಮಾತು ಮುಗೀತು. ಬಲೆನೋ ಆಗುತ್ತೆ, ಮುಂದೆ ಒಂದು ತುಳಸಿ ಕುಂಡ ಸರಿಸಬೇಕು.

ಮರುದಿನ ಬೆಳಗ್ಗೆ ವಾಕಿಂಗ್‌ಗೆ ಜಯನಗರದ ಕಡೆ ಹೋಗಿದ್ವಿ. ಒಂದು ಕ್ರಾಸಿನಲ್ಲಿ ಹೊಂಗೆ ಮರದ ಕೆಳಗೆ, ಎರಡು ಸ್ಕೂಟರ್ ಮಧ್ಯೆ, ಕವರ್ ಹಾಕಿದ ಪುಟ್ಟ ಗಾಡಿ ನಿಂತಿತ್ತು. ಕವರ್ ಮೇಲೆಲ್ಲ ಹೊಂಗೆ ಹೂವು. ಅಪ್ಪ ಆ ಕಡೆ ಈ ಕಡೆ ನೋಡಿ ಕವರಿನ ತುದಿ ಸ್ವಲ್ಪ ಎತ್ತಿದರು. ರೇವಾನೇ. ಟೈರ್ ಎರಡೂ ಕೂತುಬಿಟ್ಟಿತ್ತು.

"ಬ್ಯಾಟರಿ ಹಾಕಿಸಿದರೆ ಓಡುತ್ತಾ ಅಂತ ಯಾರನ್ನಾದ್ರೂ ಕೇಳು" ಅಂದರು. ಕೇಳ್ತಾ ಇದೀನಿ.