ಅಗ್ಗದ ವೈನಿನ ನಾಡು

ಫ್ರಾನ್ಸಿನ ವೈನ್ ಎಂದೊಡನೆ ಬೋರ್ಡೋ, ಶಾಂಪೇನ್‌ಗಳ ಹೆಸರು ಹೇಳುವುದು ವಾಡಿಕೆ. ಆದರೆ ಅಲ್ಲಿನ ಕೂಲಿಕಾರರು ಊಟದೊಡನೆ ಕುಡಿಯುತ್ತಿದ್ದ ವೈನ್ ಬಹುಮಟ್ಟಿಗೆ ದಕ್ಷಿಣದ ಲಾಂಗ್‌ದಾಕ್ ಪ್ರಾಂತ್ಯದ್ದು. ವೈನಿನ ರುಚಿ ಹೇಳುವ ಅರ್ಹತೆ ನಮಗಿಲ್ಲ. ಅಗ್ಗದ ವಸ್ತುವಿಗೆ ಬೆಳೆದವನು ತೆತ್ತ ಬೆಲೆಯೇನೆಂಬುದನ್ನು ಓದುಗರ ಮುಂದಿಡುವುದಷ್ಟೇ ನಮ್ಮ ಉದ್ದೇಶ.

ಮೆಡಿಟರೇನಿಯನ್ ಕಡಲಿಗೆ ತಾಗಿದ ಬಯಲು, ಅದರ ಹಿಂದೆ ಸುಣ್ಣಕಲ್ಲಿನ ಗುಡ್ಡಗಳು, ಗುಡ್ಡದ ತುಂಬ ಪರಿಮಳದ ಕುರುಚಲು ಗಿಡಗಳು. ಬೇಸಗೆಯಲ್ಲಿ ಮಳೆ ವಿರಳ, ಬಿಸಿಲು ಧಾರಾಳ. ಬಯಲಿನ ಬಳ್ಳಿ ಹೇರಳವಾಗಿ ಹಣ್ಣು ಬಿಡುತ್ತದೆ; ಗುಡ್ಡದ ಬಳ್ಳಿ ಬಿಡುವುದು ಕಡಿಮೆ, ಆದರೆ ರಸ ಗಾಢ. 19ನೆಯ ಶತಮಾನದಲ್ಲಿ ರೈಲು ಬಂದ ಮೇಲೆ ಬಯಲಿನ ವೈನ್ ಪ್ಯಾರಿಸ್ಸಿಗೂ ಉತ್ತರದ ಗಣಿಗಳಿಗೂ ಹರಿಯಿತು. ರೈತರು ಉಳಿದ ಬೆಳೆ ಬಿಟ್ಟು ದ್ರಾಕ್ಷಿಯೊಂದನ್ನೇ ನಂಬಿದರು.

ಅಷ್ಟರಲ್ಲಿ ಹೊಸ ಪೀಡೆ ಬಂದಿತು. 1863ರ ಸುಮಾರಿಗೆ ಗಾರ್ ಜಿಲ್ಲೆಯಲ್ಲಿ ಬಳ್ಳಿಗಳು ಕಾರಣ ತಿಳಿಯದೆ ಒಣಗತೊಡಗಿದವು. 1868ರಲ್ಲಿ ಮೋಂಪೆಲಿಯೆಯ ಸಸ್ಯಶಾಸ್ತ್ರಜ್ಞ ಪ್ಲಾಂಶೋನ್ ಮತ್ತು ಸಂಗಡಿಗರು ಇನ್ನೂ ಹಸಿರಾಗಿದ್ದ ಬಳ್ಳಿಯ ಬೇರನ್ನೇ ಅಗೆದು ನೋಡಿದರು. ಸತ್ತ ಬಳ್ಳಿಯನ್ನು ಕೀಟ ಬಿಟ್ಟುಹೋಗುತ್ತದೆಂಬುದು ಆಗ ತಿಳಿಯಿತು. ಅಮೆರಿಕದಿಂದ ಬಂದ ಆ ಸಣ್ಣ ಕೀಟವೇ ಫಿಲಾಕ್ಸೆರ. ಮದ್ದೂ ಅಮೆರಿಕದಿಂದಲೇ ಬಂದಿತು: ಕೀಟವನ್ನು ತಾಳಿಕೊಳ್ಳುವ ಅಲ್ಲಿನ ಬಳ್ಳಿಯ ಬುಡಕ್ಕೆ ಫ್ರೆಂಚ್ ಬಳ್ಳಿಯನ್ನು ಕಸಿ ಮಾಡಿದರು.

ಸಾಲ ಮಾಡಿ ತೋಟವೆಬ್ಬಿಸಿದ ರೈತನಿಗೆ ಪೇಟೆಯಲ್ಲಿ ಬೇರೆಯೇ ಶತ್ರು ಕಾದಿದ್ದ. ಕೊರತೆಯ ಕಾಲದಲ್ಲಿ ಒಣದ್ರಾಕ್ಷಿ, ಸಕ್ಕರೆ, ನೀರುಗಳಿಂದ ವೈನ್ ಮಾಡುವುದು ರೂಢಿಯಾಗಿತ್ತು. 1903ರಲ್ಲಿ ಸಕ್ಕರೆಯ ತೆರಿಗೆ ಇಳಿಯಿತು. ನಕಲಿಗೆ ಇನ್ನಷ್ಟು ಅನುಕೂಲವಾಯಿತು. ಅಲ್ಜೀರಿಯದ ವೈನೂ ಬಂದು ಸೇರಿತು. ಬೆಲೆ ಕುಸಿದು, ಮಾಡಿದ ಖರ್ಚೂ ಹುಟ್ಟದಾಯಿತು.

1907ರ ಮಾರ್ಚ್ 11ರಂದು ಆರ್ಜೆಲಿಯೆ ಎಂಬ ಹಳ್ಳಿಯ ಕಾಫಿ ಅಂಗಡಿಯ ಮಾಲೀಕ ಮಾರ್ಸೆಲಿನ್ ಆಲ್ಬೆರ್ 87 ಜನರೊಡನೆ ನಾರ್ಬೋನ್ ಪಟ್ಟಣಕ್ಕೆ ನಡೆದನು. ಜೂನ್ 9ರಂದು ಮೋಂಪೆಲಿಯೆಯಲ್ಲಿ ಸೇರಿದವರು 5 ಲಕ್ಷಕ್ಕೂ ಮೇಲೆಂದು ಅಂದಾಜು. ಅವರು ಕೇಳಿದ್ದು ದಾನವಲ್ಲ, ಕಲಬೆರಕೆ ನಿಲ್ಲಲಿ ಎಂದು. ಜೂನ್ 19, 20ರಂದು ನಾರ್ಬೋನಿನಲ್ಲಿ ಸೈನಿಕರ ಗುಂಡಿಗೆ ಜನ ಬಲಿಯಾದರು. ಅದನ್ನು ಕೇಳಿ, ಅದೇ ಸೀಮೆಯ ಮಕ್ಕಳೇ ಹೆಚ್ಚಾಗಿದ್ದ 17ನೆಯ ಪದಾತಿದಳದ ಸುಮಾರು 500 ಮಂದಿ ದಂಗೆಯೆದ್ದು ಬೆಜಿಯೆಗೆ ನಡೆದುಬಂದರು.

ಆಲ್ಬೆರ್ ಗುಟ್ಟಾಗಿ ಪ್ಯಾರಿಸ್ಸಿಗೆ ಹೋಗಿ ಪ್ರಧಾನಿ ಕ್ಲೆಮಾನ್ಸೋರನ್ನು ಕಂಡನು. ಅವರು ಊರಿಗೆ ಮರಳಲು ರೈಲು ಖರ್ಚೆಂದು 100 ಫ್ರಾಂಕ್ ಕೊಟ್ಟು, ಅದನ್ನು ಪತ್ರಿಕೆಯವರಿಗೆ ತಿಳಿಸಿದರು. ಆಲ್ಬೆರ್ ಹಣಕ್ಕೆ ಮಾರಿಕೊಂಡನೆಂದು ಊರವರು ತಿರುಗಿಬಿದ್ದರು. ಪ್ರಯಾಣಭತ್ಯದ ಬಿಲ್ಲುಗಳ ನಡುವೆ ಕೂದಲು ನರೆಸಿಕೊಂಡ ನಮಗೆ, ಇಷ್ಟು ದುಬಾರಿಯಾದ ರೈಲು ಖರ್ಚು ಇನ್ನೊಂದು ಕಂಡಿಲ್ಲ.

ಆದರೂ ಹೋರಾಟ ವ್ಯರ್ಥವಾಗಲಿಲ್ಲ. ಜೂನ್ 29ರ ಕಾನೂನು ವರ್ಷವರ್ಷದ ಉತ್ಪನ್ನವನ್ನು ಘೋಷಿಸಬೇಕೆಂದು ವಿಧಿಸಿತು. ವೈನಿಗೆ ಬೆರೆಸುವ ಸಕ್ಕರೆಯ ಮೇಲೆ ತೆರಿಗೆ ಹೇರಿತು. ಗುಡ್ಡದ ಸೀಮೆಗಳಾದ ಕೋರ್ಬಿಯೇರ್, ಮಿನೆರ್ವಾಗಳಿಗೆ ಸ್ಥಳನಾಮದ ಅಧಿಕೃತ ಮನ್ನಣೆ ದೊರೆತದ್ದು 1985ರಲ್ಲಿ. ಇಂದು ಅಲ್ಲಿನ ವೈನ್ ಕಡಿಮೆ ಬೆಲೆಗೆ ಒಳ್ಳೆಯ ಸರಕೆಂದು ಹೆಸರಾಗಿದೆ. ಆ ‘ಒಳ್ಳೆಯ’ ಎಂಬ ಮಾತನ್ನು ಉಳಿಸಿಕೊಳ್ಳಲೆಂದೇ 1907ರಲ್ಲಿ ಹಳ್ಳಿಗಳು ಬೀದಿಗಿಳಿದಿದ್ದವು.