ಪೂರ್ತಿಯಾಗದ ನವರಸಪುರ

ಕನಮಡಿ, ತಿಕೋಟಾ ಕಡೆಯಿಂದ ವಿಜಯಪುರಕ್ಕೆ ಬರುವ ದಾರಿಯಲ್ಲಿ, ನಗರಕ್ಕೆ ಇನ್ನೊಂದು ಐದಾರು ಕಿಲೋಮೀಟರ್ ಇರುವಾಗ ತೊರವಿ ಸಿಗುತ್ತದೆ. ಕನ್ನಡ ಓದಿದವರಿಗೆ ಈ ಊರು ಗೊತ್ತಿರುವುದು ಕುಮಾರ ವಾಲ್ಮೀಕಿಯ ‘ತೊರವೆ ರಾಮಾಯಣ’ದಿಂದ, ಭಕ್ತರಿಗೆ ಇಲ್ಲಿಯ ನರಸಿಂಹನಿಂದ. ಇವೆರಡರ ಜತೆಗೆ ಇಲ್ಲಿ ಇನ್ನೊಂದಿದೆ. ಹೊಲಗಳ ಆಚೆಗೆ ನಡುವೆ ಅಗಲವಾದ ಕಮಾನು, ಎಡಬಲಕ್ಕೆ ಎತ್ತರದ ಕಿರಿದಾದ ಕಮಾನುಗಳು, ಮೇಲೆ ಸೂರಿಲ್ಲದ ಒಂದು ಕಟ್ಟಡ. ಜನ ಇದನ್ನು ಸಂಗೀತ ಮಹಲ್ ಎನ್ನುತ್ತಾರೆ. ಒಂದು ಕಾಲಕ್ಕೆ ಆದಿಲಶಾಹಿಗಳ ಹೊಸ ರಾಜಧಾನಿಯಾಗಬೇಕಿದ್ದ ನವರಸಪುರದಲ್ಲಿ ಕಣ್ಣಿಗೆ ಬೀಳುವಂತೆ ಉಳಿದಿರುವುದು ಹೆಚ್ಚುಕಡಿಮೆ ಇಷ್ಟೇ.

ಇದನ್ನು ಕಟ್ಟಿಸಹೊರಟವನು ಇಮ್ಮಡಿ ಇಬ್ರಾಹಿಂ ಆದಿಲ್‌ಶಾ. 1580ರಲ್ಲಿ ಪಟ್ಟಕ್ಕೆ ಬಂದಾಗ ಅವನಿಗೆ ಒಂಬತ್ತರ ವಯಸ್ಸು. ಚಾಂದಬೀಬಿಯ ಆರೈಕೆಯಲ್ಲಿ, ಸರದಾರರ ಒಳಜಗಳಗಳ ನಡುವೆ ಬೆಳೆದ ಹುಡುಗ. ಅಧಿಕಾರ ನಿಜವಾಗಿ ತನ್ನ ಕೈಗೆ ಬಂದ ಮೇಲೆ ಅವನ ಮನಸ್ಸು ಹೋದದ್ದು ಸಂಗೀತದ ಕಡೆಗೆ. ಹೋದದ್ದು ಎಂದರೆ ಸಾಲದು, ಅಲ್ಲೇ ನೆಲೆನಿಂತಿತು. ತಾನೇ ಹಾಡು ಕಟ್ಟಿದ. ತನ್ನ ತಂಬೂರಿಗೆ ‘ಮೋತಿಖಾನ್’ ಎಂದು ಹೆಸರಿಟ್ಟ. ದಖನಿ ಭಾಷೆಯ ಅವನ ‘ಕಿತಾಬ್-ಎ-ನವರಸ್’ನಲ್ಲಿ ಕೇದಾರ, ಭೈರವ, ಕಾನಡಾ ಮುಂತಾದ ರಾಗಗಳಿಗೆ ಹೊಂದಿಸಿದ ಸುಮಾರು 59 ಹಾಡುಗಳಿವೆ. ಅಲ್ಲಿ ಸರಸ್ವತಿ ತಾಯಿ, ಗಣಪತಿ ತಂದೆ. ಬಂದೇನವಾಜರ ಸ್ತುತಿಯೂ ಅಲ್ಲೇ ಇದೆ. ಪ್ರಜೆಗಳು ಅವನನ್ನು ‘ಜಗದ್ಗುರು’ ಎಂದು ಕರೆದದ್ದು ಸುಮ್ಮನಲ್ಲ.

‘ನವರಸ’ ಎಂಬ ಮಾತು ಅವನನ್ನು ಹಿಡಿದುಬಿಟ್ಟಿತ್ತು ಎನ್ನಬೇಕು. ಪುಸ್ತಕಕ್ಕೆ ಅದೇ ಹೆಸರು, ನಾಣ್ಯಕ್ಕೆ ಅದೇ, ಮುದ್ರೆಗೆ ಅದೇ, ಹಬ್ಬಕ್ಕೂ ಅದೇ. ಕೊನೆಗೆ ಊರಿಗೂ ಅದೇ. 1599ರಲ್ಲಿ ತೊರವಿಯ ಬಳಿ ನವರಸಪುರದ ಕೆಲಸ ಶುರುವಾಯಿತು. ಇಪ್ಪತ್ತು ಸಾವಿರ ಆಳುಗಳು ದುಡಿದರೆಂದು ಹಳೆಯ ಬರಹಗಳು ಹೇಳುತ್ತವೆ. ಅಂಥ ಲೆಕ್ಕಗಳಲ್ಲಿ ಉತ್ಪ್ರೇಕ್ಷೆ ಇದ್ದೇ ಇರುತ್ತದೆ, ಆದರೂ ಕೆಲಸ ಸಣ್ಣದಾಗಿರಲಿಲ್ಲ. ಅರಮನೆಗಳು, ಪೇಟೆ, ಗಾಯಕರಿಗೂ ವಾದ್ಯಗಾರರಿಗೂ ಮನೆಗಳು, ಸುತ್ತ ಕೋಟೆ. ಪಾರಸಿ ಕವಿ ಜುಹೂರಿ ಅರಸನ ಪುಸ್ತಕಕ್ಕೆ ಮುನ್ನುಡಿ ಬರೆದ. ಆಸ್ಥಾನದ ಇತರ ಕವಿಗಳೂ ಈ ಹುರುಪಿನ ವರ್ಣನೆಗೆ ಕೈಹಚ್ಚಿದರು.

ಆದರೆ ಊರೆಂದರೆ ಹಾಡಲ್ಲ. ಒಬ್ಬನೇ ಕೂತು ಕಟ್ಟಿ ಮುಗಿಸುವಂಥದ್ದಲ್ಲ. ವಿಜಾಪುರಕ್ಕೆ ಅದಾಗಲೇ ಭದ್ರವಾದ ಕೋಟೆ ಇತ್ತು. ತೊರವಿ ಕಡೆಯಿಂದಲೇ ನೆಲದೊಳಗಿನ ಕಾಲುವೆಯಲ್ಲಿ ನೀರು ಬರುತ್ತಿತ್ತು. ಅಲ್ಲಿಯೇ ಬೇರೂರಿದ್ದ ವರ್ತಕನಿಗೆ ಹೊಲದ ನಡುವಿನ ಹೊಸ ಊರಿಗೆ ಗಂಟುಮೂಟೆ ಕಟ್ಟುವ ಅವಸರವೇನು? ರಾಜಧಾನಿ ಕದಲಿಸಿದರೆ ಕೇಡು ತಪ್ಪದು ಎಂದು ಜ್ಯೋತಿಷಿಗಳು ಹೆದರಿಸಿದ್ದರಿಂದ ಅರಸ ಹಿಂಜರಿದ ಎಂಬ ಕತೆಯೂ ಉಂಟು. ಜ್ಯೋತಿಷಿಗಳು ಹೇಳಿದ್ದರೋ, ಬೊಕ್ಕಸದವರು ಅವರ ಬಾಯಲ್ಲಿ ಹೇಳಿಸಿದ್ದರೋ! ಅಂತೂ ಕೋಟೆಗೋಡೆ ಪೂರ್ತಿಯಾಗಲಿಲ್ಲ, ರಾಜಧಾನಿ ವಿಜಾಪುರದಲ್ಲೇ ಉಳಿಯಿತು. ಇಂಥದು ಇವನೊಬ್ಬನ ಪಾಡೂ ಅಲ್ಲ. ಅತ್ತ ಅಕ್ಬರ್ 1571ರಲ್ಲಿ ಆರಂಭಿಸಿದ ಫತೇಪುರ ಸಿಕ್ರಿಯನ್ನು 1585ರ ಹೊತ್ತಿಗೆ ಬಿಟ್ಟು ಲಾಹೋರಿಗೆ ನಡೆದಿದ್ದ. ಸಿಕ್ರಿ ಮಾತ್ರ ಕಟ್ಟಿ ಮುಗಿದಿತ್ತು.

ನವರಸಪುರವನ್ನು ಸುಲಿದರು. 1624ರಲ್ಲಿ ಇಬ್ರಾಹಿಂ ಮೊಗಲರ ಪಕ್ಷ ಹಿಡಿದು, ತನ್ನ ಸೈನ್ಯದ ಸಾರವನ್ನೆಲ್ಲ ಮುಲ್ಲಾ ಮಹಮ್ಮದ್ ಲಾರಿಯ ಕೈಗೆ ಕೊಟ್ಟು ಉತ್ತರಕ್ಕೆ ಕಳಿಸಿದ. ಅಹಮದನಗರದ ನಿಜಾಮಶಾಹಿಯನ್ನು ನಡೆಸುತ್ತಿದ್ದ ಹಬ್ಸಿ ಸರದಾರ ಮಲಿಕ್ ಅಂಬರ್ ಭಾತವಡಿಯಲ್ಲಿ ಈ ಕೂಡುಪಡೆಯನ್ನು ಮುರಿದ; ಲಾರಿ ಸತ್ತ. ಅಂದು ಅಂಬರನ ಕಡೆಯಿಂದ ಹೋರಾಡಿದವರಲ್ಲಿ ಶಿವಾಜಿಯ ತಂದೆ ಶಹಾಜಿಯೂ ಇದ್ದ. ಅಂಬರ್ ಆಮೇಲೆ ವಿಜಾಪುರದತ್ತ ನುಗ್ಗಿದ. ಅರಸ ಹಳೆಯ ಕೋಟೆಯೊಳಗೆ ಬಾಗಿಲು ಹಾಕಿಕೊಂಡ. ಗೋಡೆ ಮುಗಿಯದ ನವರಸಪುರ ಹೊರಗೆ ಬಯಲಿನಲ್ಲಿತ್ತು; ಕಾಯುವವರಿರಲಿಲ್ಲ. ಅಂಬರನ ದಂಡು ಅದನ್ನು ದೋಚಿ ಹಾಳುಗೆಡವಿತು. ಕಾಲು ಶತಮಾನದ ಆಸೆ ಅಲ್ಲಿಗೆ ಮುಗಿಯಿತು. ಮೂರು ವರ್ಷಕ್ಕೆ, 1627ರಲ್ಲಿ, ಇಬ್ರಾಹಿಂ ತೀರಿಕೊಂಡ.

ಅವನ ಹೆಸರು ಹೇಳಿದೊಡನೆ ಇಂದು ನೆನಪಾಗುವುದು ಇಬ್ರಾಹಿಂ ರೋಜಾ. ಅವನ ಸಮಾಧಿ ಇರುವುದೂ ಅಲ್ಲೇ. ಆ ಕೆತ್ತನೆಯ ಕುಸುರಿ ನೋಡಲು ದೂರದೂರದಿಂದ ಜನ ಬರುತ್ತಾರೆ, ಬರಲಿ. ಅಲ್ಲಿಂದ ತೊರವಿಗೆ ಹೋಗುವವರು ತೀರ ಕಡಿಮೆ. ನನಗನ್ನಿಸುವಂತೆ ಈ ಮನುಷ್ಯ ತಿಳಿಯಬೇಕಾದರೆ ಎರಡನೆಯದನ್ನೇ ಮೊದಲು ನೋಡಬೇಕು. ರೋಜಾದಲ್ಲಿ ಕಾಣುವುದು ಅರಸುಮನೆತನದ ಸಿರಿ. ತೊರವಿಯ ಬಯಲಿನಲ್ಲಿರುವುದು ಅವನು ಬಯಸಿದ್ದು.

ಪುಸ್ತಕ ಮಾತ್ರ ಲೂಟಿಗೆ ಸಿಗಲಿಲ್ಲ. ಕೈಬರಹದ ಪ್ರತಿಗಳಲ್ಲಿ ಉಳಿದುಬಂದ ಹಾಡುಗಳನ್ನು ವಿದ್ವಾಂಸ ನಜೀರ್ ಅಹಮದ್ ಇಪ್ಪತ್ತನೆಯ ಶತಮಾನದಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು. ಹಾಡು ಉಳಿಯಿತು, ಅದನ್ನು ಅವನು ಹಾಡುತ್ತಿದ್ದ ಬಗೆ ಉಳಿಯಲಿಲ್ಲ; ರಾಗದ ಹೆಸರು ತಲೆಬರಹದಲ್ಲಿದೆ, ಸ್ವರ ಬರೆದಿಟ್ಟವರಿಲ್ಲ. ನಮ್ಮ ಕಾಲದಲ್ಲಿ ವಿಜಯಪುರದಲ್ಲಿ ‘ನವರಸಪುರ ಉತ್ಸವ’ ಎಂಬ ಹೆಸರಿನಲ್ಲಿ ಸಂಗೀತ, ನೃತ್ಯಗಳ ಸರಕಾರಿ ಉತ್ಸವಗಳೂ ನಡೆದಿವೆ.