ಬೀಗ ಹಾಕಿದವರು ಯಾರು?



ಕಲಬುರಗಿಯ ಕೋಟೆಯನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದಾಗ ಈ ಊರೇ ರಾಜಧಾನಿ. ಹೊರಗಿನ ಶತ್ರುವನ್ನು ತಡೆಯಲು ದಪ್ಪ ಗೋಡೆ, ಸುತ್ತಲೂ ಕಂದಕ. ಆದರೆ ಹೊಡೆಯುವವನು ಗೋಡೆಯ ಒಳಗೇ ಇದ್ದರೆ? ಅನೇಕ ಹೆಣ್ಣುಮಕ್ಕಳ ಪಾಲಿಗೆ ಮನೆಯೇ ಇಂಥ ಕೋಟೆ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ಅದರ ಬಾಗಿಲಿಗೆ ಹಾಕಿದ ಅಗುಳಿ. ಹೊಡೆತವನ್ನೂ ಜಗಳವೆಂದೇ ಕರೆದು ನೆರೆಹೊರೆಯವರು ಸುಮ್ಮನಾಗುತ್ತಾರೆ.

ಈ ಅಗುಳಿಯನ್ನು ಅಲುಗಾಡಿಸಿದ್ದರಲ್ಲಿ ನಾಟಕದ ಪಾಲೂ ಉಂಟು. 1970ರ ದಶಕದ ಕೊನೆಯಲ್ಲಿ ದೆಹಲಿಯಲ್ಲಿ ವರದಕ್ಷಿಣೆಗಾಗಿ ಸೊಸೆಯಂದಿರನ್ನು ಸುಟ್ಟ ಪ್ರಕರಣಗಳು ‘ಸ್ಟೋವ್ ಅಪಘಾತ’, ‘ಆತ್ಮಹತ್ಯೆ’ ಎಂದು ಮುಚ್ಚಿಹೋಗುತ್ತಿದ್ದವು. ಆಗ ಸ್ತ್ರೀ ಸಂಘರ್ಷ್ ಎಂಬ ಗುಂಪಿನ ಮಹಿಳೆಯರು ‘ಓಂ ಸ್ವಾಹಾ’ ಎಂಬ ಬೀದಿನಾಟಕ ಕಟ್ಟಿದರು. ‘ಸ್ವಾಹಾ’ ಎಂಬುದು ಅಗ್ನಿಗೆ ಹವಿಸ್ಸು ಅರ್ಪಿಸುವಾಗ ಹೇಳುವ ಮಾತು. ಹೋಮದ ಆ ಮಾತೇ ಸೊಸೆಯನ್ನು ಸುಟ್ಟ ಬೆಂಕಿಗೂ ಹೆಸರಾಯಿತು. 1979ರಲ್ಲಿ ಜನ ನಾಟ್ಯ ಮಂಚ್ ‘ಔರತ್’ ನಾಟಕವನ್ನು ಆಡಿತು.

ನಮ್ಮ ರಾಜ್ಯದಲ್ಲಿ 1975ರಲ್ಲಿ ಹುಟ್ಟಿದ ‘ಸಮುದಾಯ’ ತಂಡ ಬೀದಿನಾಟಕವನ್ನು ಹಳ್ಳಿಗಳಿಗೆ ಒಯ್ದಿತು. ಪರದೆಯಿಲ್ಲ, ಟಿಕೆಟ್ ಇಲ್ಲ. ಸಂತೆಗೆ ಬಂದವರೇ ಪ್ರೇಕ್ಷಕರು.

ರಂಗಮಂದಿರದ ನಾಟಕವೂ ಹಿಂದೆ ಬೀಳಲಿಲ್ಲ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಆಧರಿಸಿ ಗಿರೀಶ ಕಾರ್ನಾಡರು ‘ನಾಗಮಂಡಲ’ ಬರೆದರು. ಅದು ಪ್ರಕಟವಾದದ್ದು 1988ರಲ್ಲಿ. ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯೊಳಗಿಟ್ಟು ಬೀಗ ಹಾಕಿ ಹೋಗುತ್ತಾನೆ. ಮಧ್ಯಾಹ್ನದ ಊಟಕ್ಕಷ್ಟೇ ಬರುತ್ತಾನೆ. ಕಡೆಗೆ ಪಂಚಾಯಿತಿ ಸೇರಿದಾಗ ಪರೀಕ್ಷೆಗೆ ನಿಲ್ಲುವವಳು ರಾಣಿ. ಬೀಗ ಹಾಕಿದವನೇ ದೂರು ಕೊಟ್ಟವನು! ಹಿರಿಯರು ಕೇಳದೆ ಬಿಟ್ಟ ಪ್ರಶ್ನೆ ಪ್ರೇಕ್ಷಕರ ಮನಸ್ಸಿನಲ್ಲಿ ಉಳಿಯುತ್ತದೆ.

ನಾಟಕವೊಂದೇ ಕಾನೂನು ತರಲಾರದು. ಆದರೆ ಈ ನಾಟಕಗಳ ಬೆನ್ನಿಗೆ ದೊಡ್ಡ ಮಹಿಳಾ ಚಳವಳಿಯಿತ್ತು. 1983ರಲ್ಲಿ ಗಂಡನ ಮತ್ತು ಅವನ ಸಂಬಂಧಿಕರ ಕ್ರೌರ್ಯವನ್ನು ಶಿಕ್ಷಿಸುವ 498ಎ ಕಲಂ ಬಂತು. 1986ರಲ್ಲಿ ವರದಕ್ಷಿಣೆ ಸಾವು ಪ್ರತ್ಯೇಕ ಅಪರಾಧವಾಯಿತು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದಿತು. ಹೊಡೆತ ಮಾತ್ರವಲ್ಲ, ಬೈಗುಳ, ಅವಮಾನ, ಖರ್ಚಿಗೆ ಹಣ ಕೊಡದಿರುವುದು ಸಹ ಈ ಕಾಯ್ದೆಯ ಪ್ರಕಾರ ಹಿಂಸೆ. ಬಾಳುವೆ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕೂ ಹೆಣ್ಣಿಗಿದೆ.

ನಾಳೆ ಎನ್.ಎಸ್.ಎಸ್. ಶಿಬಿರದಲ್ಲಿ, ಕಮಲಾಪುರದಂಥ ಊರಿನ ಬಸ್ ನಿಲ್ದಾಣದ ಎದುರು, ನೀವೂ ಇಂಥ ನಾಟಕ ಆಡಬಹುದು. ಎರಡು ಮಾತು ನೆನಪಿಡಿ. ಹೆಂಡತಿಗೆ ಬೀಳುವ ಏಟನ್ನು ನಗೆಯ ಸರಕು ಮಾಡಬೇಡಿ. ಆಟ ಮುಗಿದೊಡನೆ ಹೊರಟುಬಿಡಬೇಡಿ. ಮಹಿಳಾ ಸಹಾಯವಾಣಿ 181 ಇದೆ, ರಕ್ಷಣಾಧಿಕಾರಿ ಇದ್ದಾರೆ ಎಂದು ತಿಳಿಸಿ, ಸ್ವಲ್ಪ ಹೊತ್ತು ಅಲ್ಲೇ ನಿಲ್ಲಿ. ಗುಂಪು ಕರಗಿದ ಮೇಲೆ ಯಾರಾದರೂ ಒಬ್ಬಾಕೆ ಮಾತಾಡಲು ಬರಬಹುದು. ಆಗ ನೀವು ನಟರಲ್ಲ, ಕೇಳುವವರು.